ಸಾಲ ತೀರಿಸಿ, ಅನ್ಯಾಯಕ್ಕೆ ಮಣಿಯದಿರಿ



ಸಾಲವು ಮನುಷ್ಯನ ನಿದ್ದೆಯನ್ನು ಕೆಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಅವನ ನಾಲಿಗೆಯನ್ನೂ ಕೆಡಿಸುತ್ತದೆ ಎಂಬುದನ್ನು ನಮಗೆ ಕಲಿಸಿಕೊಟ್ಟವರು ಪ್ರವಾದಿ ಮುಹಮ್ಮದ್(ಸ)ರು. ಅವರು ನಮಾಝ್‌ನಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಇದನ್ನು ಇಷ್ಟು ಹೆಚ್ಚಾಗಿ ಬೇಡುವುದೇಕೆ ಎಂದು ಒಬ್ಬರು ಕೇಳಿದಾಗ, ಸಾಲದಲ್ಲಿ ಸಿಲುಕಿದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬ ಅರ್ಥದ ಉತ್ತರ ಕೊಟ್ಟರೆಂದು ಹಝ್ರತ್ ಆಇಶಾ(ರ)ರ ವರದಿಯು ಬುಖಾರಿಯಲ್ಲಿದೆ.

ಈ ಮಾತು ಎಷ್ಟು ನಿಜವೆಂದು ನಮ್ಮ ಮೊಹಲ್ಲಾಗಳಲ್ಲಿ ಒಮ್ಮೆ ನಡೆದು ನೋಡಿ. ಬಾಗಿಲಲ್ಲಿ ಬೈಕಿನ ಸದ್ದು ಕೇಳಿದೊಡನೆ ತಂದೆ ಒಳಕೋಣೆಗೆ ಸರಿಯುತ್ತಾನೆ. ‘ಅಬ್ಬಾ ಮನೆಯಲ್ಲಿಲ್ಲ ಅಂತ ಹೇಳು’ ಎಂದು ಮಗುವನ್ನು ಹೊರಗೆ ಕಳುಹಿಸುತ್ತಾನೆ. ಬೆಳಿಗ್ಗೆ ಮದ್ರಸದಲ್ಲಿ ಸತ್ಯದ ಪಾಠ ಕಲಿತ ಮಗು ಸಂಜೆ ಮನೆಯ ಹೊಸ್ತಿಲಲ್ಲಿ ಸುಳ್ಳಿನ ಪಾಠ ಕಲಿಯುತ್ತದೆ. ಕಲಿಸಿದವನು ಕೆಟ್ಟವನಲ್ಲ, ಹೆದರಿದವನು.

ಈ ಹೆದರಿಕೆಯ ಬಗ್ಗೆಯೇ ಇಂದು ನಿಮ್ಮೊಡನೆ ಮಾತನಾಡಬೇಕಾಗಿದೆ.

ಬಡ್ಡಿಯ ಕುರಿತ ಕುರ್‌ಆನಿನ ಎಚ್ಚರಿಕೆಗಳನ್ನು ನಾವು ಖುತ್ಬಾಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಸೂರಃ ಅಲ್ ಬಕರದ 279ನೇ ಸೂಕ್ತದಲ್ಲಿ ಅಲ್ಲಾಹನು ಬಡ್ಡಿಯ ವ್ಯವಹಾರವನ್ನು ಬಿಟ್ಟವರಿಗೆ ಅವರ ಅಸಲನ್ನು ಮಾತ್ರ ಹಕ್ಕಾಗಿ ಉಳಿಸಿದ್ದಾನೆ. ನೀವು ಅನ್ಯಾಯ ಮಾಡಲೂ ಬಾರದು, ನಿಮ್ಮ ಮೇಲೆ ಅನ್ಯಾಯ ಆಗಲೂ ಬಾರದು ಎಂಬುದು ಅಲ್ಲಿಯ ನಿಯಮ. ಅದರ ಮೊದಲ ಭಾಗವನ್ನು ನಾವು ಓದುತ್ತೇವೆ, ಎರಡನೆಯದನ್ನು ದಾಟಿ ಹೋಗುತ್ತೇವೆ. ಸಾಲ ಕೊಟ್ಟವನ ಅಸಲನ್ನು ನುಂಗುವುದು ಅನ್ಯಾಯ. ಸಾಲ ಪಡೆದವನ ಮಾನ, ನಿದ್ದೆ, ಮಕ್ಕಳ ಅನ್ನವನ್ನು ಕಸಿಯುವುದೂ ಅನ್ಯಾಯವೇ. ಸತ್ಯವಿಶ್ವಾಸಿಯು ಮೊದಲನೆಯದನ್ನು ಮಾಡಬಾರದು, ಎರಡನೆಯದಕ್ಕೆ ಬಾಯಿ ಮುಚ್ಚಿ ತಲೆಬಾಗಬೇಕಾಗಿಯೂ ಇಲ್ಲ. ಸಾಲಗಾರನು ಸಾಲ ಕೊಟ್ಟವನಿಗೆ ಹಣವನ್ನೂ ಸತ್ಯವನ್ನೂ ಕೊಡಬೇಕಾಗಿದೆ. ತನ್ನ ಭಯವನ್ನು ಕೊಡಬೇಕಾಗಿಲ್ಲ.

ಸಾಲದ ಗಾಂಭೀರ್ಯ

ಅನ್ಯಾಯಕ್ಕೆ ಮಣಿಯಬೇಡಿ ಎಂದೊಡನೆ, ಸಾಲ ತೀರಿಸುವುದನ್ನೇ ಬಿಡಿ ಎಂದು ಯಾರೂ ತಿಳಿಯಬಾರದು. ಮೂರು ದೀನಾರ್ ಸಾಲವನ್ನು ಉಳಿಸಿ ತೀರಿಕೊಂಡ ಒಬ್ಬರ ಜನಾಝಃವನ್ನು ಪ್ರವಾದಿವರ್ಯರ(ಸ) ಮುಂದೆ ತಂದಾಗ, ಅವರು ತಾವು ನಮಾಝ್‌ಗೆ ನಿಲ್ಲದೆ ಸಹಾಬಿಗಳಿಗೆ ನೆರವೇರಿಸಲು ಹೇಳಿದರು. ಹಝ್ರತ್ ಅಬೂ ಕತಾದಃ(ರ)ರು ಮುಂದೆ ಬಂದು ಆ ಸಾಲವನ್ನು ತಮ್ಮ ಮೇಲೆ ವಹಿಸಿಕೊಂಡ ಬಳಿಕವೇ ಅವರು ನಮಾಝ್ ನಿರ್ವಹಿಸಿದರು. ಹುತಾತ್ಮನ ಎಲ್ಲ ಪಾಪಗಳೂ ಕ್ಷಮಿಸಲ್ಪಡುತ್ತವೆ, ಸಾಲ ಮಾತ್ರ ಉಳಿಯುತ್ತದೆ ಎಂಬ ಅರ್ಥದ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ಕೈಯಲ್ಲಿ ಹಣವಿದ್ದೂ ನಾಳೆ ನಾಡಿದ್ದು ಎಂದು ಸತಾಯಿಸುವ ಉಳ್ಳವನ ನಡತೆಯನ್ನು ಪ್ರವಾದಿವರ್ಯರು(ಸ) ‘ಝುಲ್ಮ್’ ಎಂದೇ ಕರೆದರು.

ಇನ್ನು ಬಡ್ಡಿಯ ಸಾಲ. ‘ಬಡ್ಡಿ ಹರಾಮ್, ಆದ್ದರಿಂದ ನಾನು ಏನನ್ನೂ ಕೊಡುವುದಿಲ್ಲ’ ಎಂದು ಕೆಲವರು ವಾದಿಸುತ್ತಾರೆ. ಹರಾಮ್ ಎಂಬುದು ಸಹಿ ಹಾಕುವ ಮುನ್ನ ನೆನಪಾಗಬೇಕಿತ್ತು. ಕಾನೂನಿನಂತೆ ನೋಂದಾಯಿತವಾದ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯು ಒಪ್ಪಂದದಲ್ಲಿರುವ ಬಡ್ಡಿಯನ್ನು ಕೇಳುತ್ತದೆ, ನ್ಯಾಯಾಲಯವೂ ಅದನ್ನು ಮಾನ್ಯ ಮಾಡುತ್ತದೆ. ಧರ್ಮದ ಹೆಸರು ಹೇಳಿ ತಪ್ಪಿಸಿಕೊಳ್ಳುವುದರಿಂದ ಧರ್ಮಕ್ಕೆ ಕೆಟ್ಟ ಹೆಸರು ಬರುತ್ತದೆಯೇ ಹೊರತು ಸಾಲ ಕರಗುವುದಿಲ್ಲ. ಆಗಿಹೋದ ತಪ್ಪಿಗೆ ತೌಬಾ ಮಾಡಿ, ಆ ವ್ಯವಹಾರದಿಂದ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, ನೇರವಾದ ದಾರಿಯಿಂದ ಹೊರಬರಬೇಕು. ಆ ದಾರಿ ಯಾವುದು ಎಂಬುದನ್ನು ಮುಂದೆ ನೋಡೋಣ.

ಮೊದಲ ಪ್ರಶ್ನೆ: ಸಾಲ ಕೊಟ್ಟವರು ಯಾರು?

ಔಷಧಿ ಕೊಡುವವನು ವೈದ್ಯನೋ ಅಲ್ಲವೋ ಎಂದು ಕೇಳುವ ನಾವು, ಸಾಲ ಕೊಡುವವನಿಗೆ ಪರವಾನಗಿ ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಕಷ್ಟಕಾಲದಲ್ಲಿ ಕೈಹಿಡಿದವನನ್ನು ಪ್ರಶ್ನಿಸುವುದು ಕೃತಘ್ನತೆ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಬಡ್ಡಿಗೆ ಹಣ ಕೊಡುವುದು ಉಪಕಾರವಲ್ಲ, ವ್ಯಾಪಾರ. ವ್ಯಾಪಾರಿಯ ಪರವಾನಗಿಯನ್ನು ಕೇಳುವುದು ಉದ್ಧಟತನವಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಬಡ್ಡಿಗೆ ಸಾಲ ಕೊಡುವ ಖಾಸಗಿ ಲೇವಾದೇವಿಗಾರರು 1961ರ ಕರ್ನಾಟಕ ಲೇವಾದೇವಿಗಾರರ ಅಧಿನಿಯಮದಂತೆ ಪರವಾನಗಿ ಪಡೆದಿರಬೇಕು. ಒಡವೆ ಅಡವಿಡುವ ಗಿರವಿ ಅಂಗಡಿಗಳಿಗೂ ಪ್ರತ್ಯೇಕ ಕಾನೂನು ಮತ್ತು ಪರವಾನಗಿ ಇದೆ. ಇದರ ಉಸ್ತುವಾರಿ ಸಹಕಾರ ಇಲಾಖೆಯದ್ದು. ಒಬ್ಬ ಲೇವಾದೇವಿಗಾರನಿಗೆ ಪರವಾನಗಿ ಇದೆಯೇ ಎಂಬುದನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಅಥವಾ ಉಪನಿಬಂಧಕರ ಕಚೇರಿಗೆ ಹೋಗಿ ವಿಚಾರಿಸಬಹುದು. ಸರಕಾರವು ಇವರಿಗೆ ನಿಗದಿಪಡಿಸಿದ ಬಡ್ಡಿಯ ಮಿತಿ ಆಧಾರವಿರುವ ಸಾಲಕ್ಕೆ ವರ್ಷಕ್ಕೆ ಶೇ. 14, ಆಧಾರವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ. 16. ಇದನ್ನು ಮೀರಿ ವಸೂಲು ಮಾಡುವುದನ್ನು ತಡೆಯಲು 2004ರಲ್ಲಿ ಮತ್ತೊಂದು ಕಾನೂನು ಬಂತು. ಈಗ ನಮ್ಮ ಮಾರುಕಟ್ಟೆಗಳ ಮೀಟರ್ ಬಡ್ಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಎಂದರೆ ವರ್ಷಕ್ಕೆ ಶೇ. 120.

ದಿನವಹಿ ಸಾಲದ ಲೆಕ್ಕ ಇನ್ನೂ ಮೋಸದ್ದು. 10,000 ರೂಪಾಯಿ ಎಂದು ಬರೆದುಕೊಂಡು ಮುಂಗಡವಾಗಿ 1,000 ಹಿಡಿದು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ‘ನೂರಕ್ಕೆ ಹತ್ತೇ ಅಲ್ಲವೇ’ ಎಂದು ತರಕಾರಿ ಗಾಡಿಯವನು ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಅವನು ಮೊದಲ ದಿನದಿಂದಲೇ ಅಸಲನ್ನೂ ಹಿಂದಿರುಗಿಸುತ್ತಿದ್ದಾನೆ. ಇಡೀ ಅವಧಿಯಲ್ಲಿ ಸರಾಸರಿಯಾಗಿ ಅವನ ಕೈಯಲ್ಲಿ ಉಳಿದಿರುವುದು 4,500 ರೂಪಾಯಿಯಷ್ಟೇ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ಸುಮಾರು ಶೇ. 80 ಆಗುತ್ತದೆ.

ಮಹಿಳಾ ಗುಂಪುಗಳಿಗೆ ವಾರದ ಕಂತಿನ ಸಾಲ ಕೊಡುವ ಕಿರುಸಾಲ ಸಂಸ್ಥೆಗಳಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದವು ಇವೆ, ಎಲ್ಲಿಯೂ ನೋಂದಾಯಿಸದವೂ ಇವೆ. ನೋಂದಾಯಿತ ಹಣಕಾಸು ಸಂಸ್ಥೆಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಅದರದೇ ‘ಸಚೇತ್’ ಎಂಬ ತಾಣದಲ್ಲಿ ಸಂಸ್ಥೆಯ ಹೆಸರನ್ನು ಹುಡುಕಬಹುದು, ದೂರನ್ನೂ ಕೊಡಬಹುದು. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಐದು ನಿಮಿಷದ ಕೆಲಸ.

ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್‌ಗಳದ್ದು ಇನ್ನೊಂದು ಲೋಕ. 5,000 ಸಾಲವೆಂದು ತೋರಿಸಿ, ಶುಲ್ಕದ ಹೆಸರಿನಲ್ಲಿ ಹಿಡಿದು 3,500 ಖಾತೆಗೆ ಹಾಕಿ, ಏಳೇ ದಿನದಲ್ಲಿ 5,000 ಕಟ್ಟು ಎನ್ನುವ ಆ್ಯಪ್ ಒಂದು ವಾರಕ್ಕೆ ಶೇ. 42ಕ್ಕಿಂತ ಹೆಚ್ಚು ಸುಲಿಯುತ್ತದೆ. ರಿಸರ್ವ್ ಬ್ಯಾಂಕು 2022ರಲ್ಲಿ ಮಾರ್ಗಸೂಚಿಯನ್ನೂ 2025ರಲ್ಲಿ ವಿವರವಾದ ನಿರ್ದೇಶನಗಳನ್ನೂ ಹೊರಡಿಸಿದೆ. ಅವುಗಳಂತೆ ಆ್ಯಪ್‌ನ ಹಿಂದೆ ನೋಂದಾಯಿತ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಇರಬೇಕು. ಸಾಲದ ಹಣ ಆ ಸಂಸ್ಥೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು, ಕಂತು ನೇರವಾಗಿ ಆ ಸಂಸ್ಥೆಯ ಖಾತೆಗೇ ಹೋಗಬೇಕು. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಶೇಕಡಾ ಬೀಳುತ್ತದೆಂದು ತಿಳಿಸುವ ವಿವರಪಟ್ಟಿಯನ್ನು ಮೊದಲೇ ಕೊಡಬೇಕು. ನಿಮ್ಮ ಮೊಬೈಲಿನಲ್ಲಿರುವ ಬಂಧುಮಿತ್ರರ ನಂಬರುಗಳಿಗೂ ಫೋಟೋಗಳಿಗೂ ಅದು ಕೈಹಾಕುವಂತಿಲ್ಲ. ನೋಂದಾಯಿತ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2025ರ ಜುಲೈಯಿಂದ ತನ್ನ ತಾಣದಲ್ಲಿ ಪ್ರಕಟಿಸುತ್ತಿದೆ. ಆ್ಯಪ್ ನಿಮ್ಮ ಫೋನ್ ನಂಬರುಗಳ ಪಟ್ಟಿಯನ್ನು ಕೇಳಿತೆಂದರೆ, ಅದು ನಾಳೆ ನಿಮ್ಮ ಮಾನವನ್ನೇ ಒತ್ತೆಯಾಗಿ ಬಳಸುತ್ತದೆ ಎಂದು ತಿಳಿಯಿರಿ.

ಲೆಕ್ಕವನ್ನು ಬರೆಸುವವನು ಯಾರು?

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ನಮಾಝ್ ಕುರಿತದ್ದಲ್ಲ, ಉಪವಾಸ ಕುರಿತದ್ದೂ ಅಲ್ಲ. ಅದು ಸಾಲವನ್ನು ಬರೆದಿಡುವ ಕುರಿತದ್ದು. ಸೂರಃ ಅಲ್ ಬಕರದ 282ನೇ ಸೂಕ್ತ. ಸಾಲ ಸಣ್ಣದಿರಲಿ ದೊಡ್ಡದಿರಲಿ, ಅವಧಿಯನ್ನು ನಿಶ್ಚಯಿಸಿ ಬರೆದಿಡಲು ಉದಾಸೀನ ಮಾಡಬೇಡಿ ಎಂಬುದು ಅದರ ಆದೇಶ. ನ್ಯಾಯಪರನಾದ ಬರಹಗಾರ ಬೇಕು, ಸಾಕ್ಷಿಗಳು ಬೇಕು.

ಆ ಸೂಕ್ತದಲ್ಲಿ ನಾವು ಹೆಚ್ಚಾಗಿ ಗಮನಿಸದ ಒಂದು ಅಂಶವಿದೆ. ಪತ್ರದ ಮಾತುಗಳನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಹಣ, ಬಲ, ಧೈರ್ಯ ಎಲ್ಲವೂ ಕೊಡುವವನ ಕಡೆ ಇರುವಾಗ, ಮಾತನ್ನಾದರೂ ಅಲ್ಲಾಹನು ಪಡೆಯುವವನ ಬಾಯಿಗೆ ಕೊಟ್ಟನು. ಅವನು ಅಲ್ಲಾಹನನ್ನು ಭಯಪಟ್ಟು, ಏನನ್ನೂ ಕಡಿಮೆ ಮಾಡದೆ ಬರೆಸಬೇಕು. ಅವನು ದುರ್ಬಲನೋ ಹೇಳಿ ಬರೆಸಲಾರದವನೋ ಆಗಿದ್ದರೆ, ಅವನ ಪರವಾಗಿ ಅವನ ಪೋಷಕನು ನ್ಯಾಯವಾಗಿ ಬರೆಸಬೇಕು.

ಈಗ ನಮ್ಮ ಊರಿನ ರೂಢಿಯನ್ನು ಇದರೊಂದಿಗೆ ಹೋಲಿಸಿ. ಖಾಲಿ ಕಾಗದಕ್ಕೆ ಸಹಿ, ಖಾಲಿ ಚೆಕ್ಕಿಗೆ ಸಹಿ, ಓದಲು ಬಾರದ ಭಾಷೆಯ ಪತ್ರಕ್ಕೆ ಹೆಬ್ಬೆಟ್ಟು. ಖಾಲಿ ಕಾಗದಕ್ಕೆ ಸಹಿ ಹಾಕುವವನು ಅಲ್ಲಾಹನು ತನ್ನ ಬಾಯಿಗೆ ಕೊಟ್ಟ ಮಾತನ್ನು ಸಾಲ ಕೊಡುವವನ ಲೇಖನಿಗೆ ಒಪ್ಪಿಸಿದಂತೆ. ಕಿರುಸಾಲದ ಪತ್ರಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವೂ ಹೇಳುತ್ತದೆ.

ಆದ್ದರಿಂದ ಈಗಾಗಲೇ ಸಾಲದಲ್ಲಿರುವವರು ಇಂದು ಇಶಾ ನಮಾಝ್ ಮುಗಿಸಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರಿಂದ, ಯಾವ ದಿನ, ಎಷ್ಟು ಕೈಗೆ ಬಂತು, ಎಷ್ಟು ಬರೆದುಕೊಂಡರು, ಈವರೆಗೆ ಎಷ್ಟು ಕಟ್ಟಿದ್ದೀರಿ, ರಶೀದಿ ಇದೆಯೇ, ಏನನ್ನು ಒತ್ತೆ ಇಟ್ಟಿದ್ದೀರಿ, ಚೆಕ್ ಕೊಟ್ಟಿದ್ದರೆ ಅದರ ನಂಬರ್ ಏನು, ಎಲ್ಲವನ್ನೂ ಬರೆಯಿರಿ. ಪತಿ ಪತ್ನಿ ಇಬ್ಬರೂ ಕೂತು ಬರೆಯಿರಿ. ಪತ್ನಿಗೆ ತಿಳಿಯದೆ ಪತಿ, ಪತಿಗೆ ತಿಳಿಯದೆ ಪತ್ನಿ ಮಾಡಿದ ಸಾಲವೇ ಮನೆಗಳನ್ನು ಒಡೆಯುವುದು. ಬರೆದು ಮುಗಿಸಿದಾಗ ಮೊತ್ತ ಕಡಿಮೆಯಾಗಿರುವುದಿಲ್ಲ ನಿಜ. ಆದರೆ ಕತ್ತಲೆಯಲ್ಲಿದ್ದದ್ದು ಬೆಳಕಿಗೆ ಬಂದಿರುತ್ತದೆ.

ಮಾತುಕತೆಗೆ ಕೂರುವಾಗ

ಸಾಲದ ಬಗ್ಗೆ ಮಾತುಕತೆ ನಡೆಸುವುದು ನಾಚಿಕೆಯ ವಿಷಯವೆಂದು ತಿಳಿದವರು ಮಸ್ಜಿದುನ್ನಬವಿಯಲ್ಲಿ ನಡೆದ ಒಂದು ಘಟನೆಯನ್ನು ನೆನೆಯಬೇಕು. ಹಝ್ರತ್ ಕಅಬ್ ಬಿನ್ ಮಾಲಿಕ್(ರ)ರು ಇಬ್ನು ಅಬೀ ಹದ್ರದ್(ರ)ರಿಂದ ತಮಗೆ ಬರಬೇಕಾಗಿದ್ದ ಸಾಲವನ್ನು ಮಸೀದಿಯಲ್ಲಿ ಕೇಳಿದರು. ಇಬ್ಬರ ಧ್ವನಿಯೂ ಏರಿತು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಪರದೆ ಸರಿಸಿ ಹೊರಬಂದರು. ಕಅಬ್‌ರನ್ನು ಕರೆದು ಅರ್ಧವನ್ನು ಬಿಟ್ಟುಬಿಡುವಂತೆ ಕೈಸನ್ನೆ ಮಾಡಿದರು. ಕಅಬ್ ಒಪ್ಪಿದರು. ಕೂಡಲೇ ಇನ್ನೊಬ್ಬರ ಕಡೆಗೆ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಆಜ್ಞಾಪಿಸಿದರು. ಈ ಘಟನೆ ಬುಖಾರಿಯಲ್ಲಿ ವರದಿಯಾಗಿದೆ.

ಒಂದು ಕೈಸನ್ನೆ, ಒಂದು ಆಜ್ಞೆ. ಕೊಟ್ಟವನಿಗೆ ರಿಯಾಯಿತಿಯ ಉಪದೇಶ, ಪಡೆದವನಿಗೆ ತೀರಿಸುವ ಉಪದೇಶ. ನಡುವೆ ಇಬ್ಬರೂ ಗೌರವಿಸುವ ಒಬ್ಬ ಮಧ್ಯಸ್ಥರು. ಇತ್ಯರ್ಥದ ಇಡೀ ಪಾಠ ಇದರಲ್ಲಿದೆ.

ಹಣ್ಣು ಖರೀದಿಸಿ ನಷ್ಟ ಹೊಂದಿ ಸಾಲದಲ್ಲಿ ಮುಳುಗಿದ ಒಬ್ಬರ ಘಟನೆಯೂ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರು(ಸ) ಅವರಿಗೆ ದಾನ ಮಾಡಲು ಜನರಿಗೆ ಹೇಳಿದರು. ಸಂಗ್ರಹವಾದದ್ದು ಸಾಲಕ್ಕೆ ಸಾಕಾಗಲಿಲ್ಲ. ಆಗ ಸಾಲ ಕೊಟ್ಟವರಿಗೆ, ಸಿಕ್ಕಿದ್ದನ್ನು ಪಡೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂಬರ್ಥದಲ್ಲಿ ತೀರ್ಪಿತ್ತರು. ಸೂರಃ ಅಲ್ ಬಕರದ 280ನೇ ಸೂಕ್ತವು ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಲು ಹೇಳುತ್ತದೆ. ಕಾಲಾವಕಾಶ ಕೇಳುವುದು ಭಿಕ್ಷೆಯಲ್ಲ.

ಹಾಗಾದರೆ ಹೇಗೆ ಕೇಳಬೇಕು?

ಮೊದಲಾಗಿ, ಕಂತು ತಪ್ಪುವ ಮುನ್ನವೇ ಹೋಗಿ. ತಪ್ಪಿದ ಮೂರು ತಿಂಗಳ ನಂತರ ಸಿಕ್ಕಿಬಿದ್ದವನ ಮಾತಿಗಿಂತ ತಾನಾಗಿ ಬಂದವನ ಮಾತಿಗೆ ಬೆಲೆ ಹೆಚ್ಚು. ಒಬ್ಬರೇ ಹೋಗಬೇಡಿ. ಓದುಬರಹ ಬಲ್ಲ ಬಂಧುವನ್ನೋ ಜಮಾಅತಿನ ಹಿರಿಯರೊಬ್ಬರನ್ನೋ ಜೊತೆಗೆ ಕರೆದೊಯ್ಯಿರಿ. ವಯಸ್ಸಾದ ತಾಯಿಯ ಹೆಸರಿನಲ್ಲಿ ಸಾಲವಿದ್ದರೆ ಮಗನೇ ಮುಂದೆ ನಿಂತು ಮಾತನಾಡಲಿ.

ಎರಡನೆಯದಾಗಿ, ಕೊಡಬಲ್ಲಷ್ಟನ್ನೇ ಒಪ್ಪಿಕೊಳ್ಳಿ. ತಿಂಗಳಿಗೆ 15,000 ದುಡಿಯುವವನಿಗೆ ಬಾಡಿಗೆ, ಅಕ್ಕಿ, ಶಾಲೆ, ಔಷಧಿಗೆ 11,000 ಬೇಕೆಂದಿಟ್ಟುಕೊಳ್ಳಿ. ಉಳಿಯುವುದು 4,000. ಅದರಲ್ಲಿ 3,000 ಕಟ್ಟುತ್ತೇನೆ ಎನ್ನಿ. ಎದುರಿಗಿರುವವನ ಗದರಿಕೆಗೆ ಅಂಜಿ 6,000 ಎಂದು ಒಪ್ಪಿಕೊಂಡು ಬಂದರೆ, ಅದು ಮುಂದಿನ ತಿಂಗಳಿಗೆ ನೀವೇ ಸಿದ್ಧಪಡಿಸಿಟ್ಟ ಸುಳ್ಳು. ಒಂದು ಸಾಲ ತೀರಿಸಲು ಇನ್ನೊಂದು ಕಡೆ ಸಾಲ ಮಾಡುವುದಂತೂ ಗುಂಡಿ ಮುಚ್ಚಲು ಪಕ್ಕದಲ್ಲೇ ಗುಂಡಿ ತೋಡಿದಂತೆ.

ಮೂರನೆಯದಾಗಿ, ಏನನ್ನು ಕೇಳಬೇಕೆಂದು ತಿಳಿದಿರಿ. ಕಂತಿನ ಮೊತ್ತ ಕಡಿಮೆ ಮಾಡಿ ಅವಧಿ ಹೆಚ್ಚಿಸಲು ಕೇಳಬಹುದು. ದಂಡದ ಹಣ ಬಿಡಲು ಕೇಳಬಹುದು. ಒಂದೇ ಬಾರಿ ಇಷ್ಟು ಕಟ್ಟಿದರೆ ಉಳಿದದ್ದನ್ನು ಬಿಡುವಿರಾ ಎಂದು ಕೇಳಬಹುದು. ರಿಸರ್ವ್ ಬ್ಯಾಂಕಿನ 2023ರ ನಿಯಮದಂತೆ ನೋಂದಾಯಿತ ಸಂಸ್ಥೆಗಳು ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಬಡ್ಡಿಯಾಗಿ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಕೈಗೆ ಹಣ ಬಂದಾಗ ಬಡ್ಡಿಯಿಂದ ಬೇಗ ಹೊರಬರಲು ಇದೊಂದು ಬಾಗಿಲು. ಆದರೆ ಕಡಿಮೆ ಮೊತ್ತಕ್ಕೆ ಇತ್ಯರ್ಥವಾದ ಸಾಲವು ಸಾಲದ ದಾಖಲೆಯಲ್ಲಿ ಹಾಗೆಯೇ ನಮೂದಾಗುತ್ತದೆ, ಮುಂದೆ ಬ್ಯಾಂಕಿನ ಸಾಲ ಸಿಗುವುದು ಕಷ್ಟವಾಗಬಹುದು ಎಂಬುದನ್ನೂ ತಿಳಿದೇ ಒಪ್ಪಿಕೊಳ್ಳಿ.

ಮಾತು ಸೌಮ್ಯವಾಗಿರಲಿ, ನೇರವಾಗಿರಲಿ. ‘ನಾನು ಪಡೆದದ್ದು ಇಷ್ಟು, ಕಟ್ಟಿದ್ದು ಇಷ್ಟು, ಲೆಕ್ಕ ಇಲ್ಲಿದೆ. ಸಾಲವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ದುಡಿಮೆ ಇಷ್ಟು. ತಿಂಗಳ 10ನೇ ತಾರೀಕಿಗೆ 3,000 ತಪ್ಪದೆ ಕಟ್ಟುತ್ತೇನೆ. ಇದನ್ನು ಬರವಣಿಗೆಯಲ್ಲಿ ಕೊಡಿ’. ಇಷ್ಟು ಸಾಕು.

ನಾಲ್ಕನೆಯದಾಗಿ, ಬಾಯಿಮಾತಿನ ಒಪ್ಪಂದವನ್ನು ನಂಬಿ ಹಣ ಕೊಡಬೇಡಿ. ಒಪ್ಪಂದ ಕಾಗದದಲ್ಲಿರಲಿ. ಪ್ರತಿ ಕಂತಿಗೂ ರಶೀದಿ ಪಡೆಯಿರಿ. ಸಾಧ್ಯವಾದಷ್ಟು ಸಂಸ್ಥೆಯ ಖಾತೆಗೇ ಕಟ್ಟಿ, ವಸೂಲಿಗೆ ಬಂದವನ ಸ್ವಂತ ನಂಬರಿಗೆ ಕಳುಹಿಸಬೇಡಿ. ಕೊನೆಯ ಕಂತಿನ ದಿನ ಬಾಕಿ ಇಲ್ಲವೆಂಬ ಪತ್ರವನ್ನೂ ಕೊಟ್ಟಿದ್ದ ಚೆಕ್ಕು, ದಾಖಲೆ, ಒಡವೆಗಳನ್ನೂ ಕೇಳಿ ಪಡೆಯಿರಿ. ‘ಶುಲ್ಕ ಕೊಡಿ, ನಿಮ್ಮ ಸಾಲವನ್ನೇ ಮನ್ನಾ ಮಾಡಿಸುತ್ತೇವೆ’ ಎಂದು ಬರುವವರಿಂದ ದೂರವಿರಿ. ಅಂಥವರ ಬಗ್ಗೆ 2023ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ನೀಡಿತ್ತು.

ಬೆದರಿಕೆ ಬಂದಾಗ

ಸಾಲ ಕೇಳಲು ಬಂದವನೊಬ್ಬ ಪ್ರವಾದಿವರ್ಯರೊಡನೆ(ಸ) ಒರಟಾಗಿ ಮಾತನಾಡಿದಾಗ ಸಹಾಬಿಗಳು ಸಿಟ್ಟಾದರು. ಅವನನ್ನು ಬಿಟ್ಟುಬಿಡಿ, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂದು ಪ್ರವಾದಿವರ್ಯರು(ಸ) ಅವರನ್ನು ತಡೆದರು. ಆದ್ದರಿಂದ ಕಂತು ಕೇಳಲು ಬಂದ ಹುಡುಗನ ಮೇಲೆ ಕೈಮಾಡುವುದು, ಬೈಯುವುದು ನಮಗೆ ಶೋಭಿಸದು. ಅವನೂ ಸಂಬಳಕ್ಕೆ ದುಡಿಯುವವನು.

ಆದರೆ ಮಾತನಾಡುವ ಅಧಿಕಾರವೆಂದರೆ ಹಿಂಸಿಸುವ ಅಧಿಕಾರವಲ್ಲ. ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6 ಗಂಟೆಯ ನಂತರ ಕರೆ ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆರೆಹೊರೆಯವರ ಮುಂದೆ ಅವಮಾನ, ಬಂಧುಗಳಿಗೆ ಕಿರುಕುಳ ಇವೆಲ್ಲ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. 2025ರ ಜನವರಿಯಲ್ಲಿ ಚಾಮರಾಜನಗರ ಮುಂತಾದ ಜಿಲ್ಲೆಗಳಲ್ಲಿ ಕಿರುಸಾಲದ ವಸೂಲಿಗೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನೂ, ಕೆಲವರು ಜೀವವನ್ನೇ ಕಳೆದುಕೊಂಡದ್ದನ್ನೂ ನಾವು ಪತ್ರಿಕೆಗಳಲ್ಲಿ ಓದಿದೆವು. ಅದರ ಬೆನ್ನಿಗೆ 2025ರ ಫೆಬ್ರವರಿ 12ರಂದು ರಾಜ್ಯದಲ್ಲಿ ಸುಗ್ರೀವಾಜ್ಞೆ ಜಾರಿಗೆ ಬಂತು, ಅದೇ ವರ್ಷ ಅದು ಕಾನೂನೂ ಆಯಿತು. ಸಾಲ ವಸೂಲಿಯಲ್ಲಿ ಬಲಾತ್ಕಾರ ನಡೆಸಿದವರಿಗೆ 6 ತಿಂಗಳಿನಿಂದ 10 ವರ್ಷದ ತನಕ ಸೆರೆ ಮತ್ತು 5 ಲಕ್ಷ ರೂಪಾಯಿಯ ತನಕ ದಂಡಕ್ಕೆ ಅದರಲ್ಲಿ ಅವಕಾಶವಿದೆ. ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ.

ಬೆದರಿಕೆಯ ಕರೆ, ಸಂದೇಶಗಳನ್ನು ಅಳಿಸಬೇಡಿ, ಜೋಪಾನವಾಗಿಡಿ. ನೋಂದಾಯಿತ ಸಂಸ್ಥೆಯ ಮೇಲಿನ ದೂರನ್ನು ಮೊದಲು ಆ ಸಂಸ್ಥೆಗೇ ಬರವಣಿಗೆಯಲ್ಲಿ ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ನಂಬರ್ ಇದೆ. ಆ್ಯಪ್‌ನವರು ಚಿತ್ರ ತಿದ್ದಿ ಹೆದರಿಸಿದರೆ ಸೈಬರ್ ಅಪರಾಧದ 1930ಕ್ಕೆ ಕರೆ ಮಾಡಿ. ವಕೀಲರ ಖರ್ಚಿಗೆ ಅಂಜಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಅದರ ನಂಬರ್ 15100.

ಇನ್ನು ಬದುಕೇ ಬೇಡವೆನಿಸಿದವರಿಗೆ ಒಂದು ಮಾತು. ಜೀವ ಅಲ್ಲಾಹನ ಅಮಾನತು. ಸಾಲ ಕೊಟ್ಟವನ ಬಾಕಿಯಲ್ಲಿ ಅದು ಸೇರಿಲ್ಲ. ನೀವು ಹೋದರೆ ಸಾಲದ ದುಃಖದ ಮೇಲೆ ನಿಮ್ಮ ಮಕ್ಕಳಿಗೆ ಇನ್ನೊಂದು ದುಃಖ ಉಳಿಯುತ್ತದೆ. ಅಂಥ ಯೋಚನೆ ಬಂದ ರಾತ್ರಿ ಒಬ್ಬರೇ ಇರಬೇಡಿ. ಮನೆಯವರನ್ನು ಎಬ್ಬಿಸಿ, ಇಮಾಮರ ಬಾಗಿಲು ತಟ್ಟಿ, ಇಲ್ಲವೇ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಣದಿಂದ ತೀರುವ ಸಂಕಟಕ್ಕೆ ಪ್ರಾಣವನ್ನು ಬೆಲೆಯಾಗಿ ಕೊಡಬೇಡಿ.

ಕಾನೂನು ಬಿಟ್ಟರೂ ಬಿಡದ ಲೆಕ್ಕ

2025ರ ಕಾನೂನಿನಲ್ಲಿ ಇನ್ನೊಂದು ಅಂಶವಿದೆ. ಪರವಾನಗಿಯೂ ನೋಂದಣಿಯೂ ಇಲ್ಲದವರು ಅದು ಜಾರಿಗೆ ಬರುವ ಮುನ್ನ ಆರ್ಥಿಕವಾಗಿ ದುರ್ಬಲರಾದವರಿಗೆ ಕೊಟ್ಟ ಸಾಲ, ಬಡ್ಡಿ ಸಹಿತ ಪೂರ್ತಿ ತೀರಿದೆಯೆಂದೇ ಪರಿಗಣಿತವಾಗುತ್ತದೆ. ಅಂಥವನ ಮುಂದೆ ನಡುಗುವ ಅಗತ್ಯ ಯಾರಿಗೂ ಇಲ್ಲ. ಪರವಾನಗಿಯನ್ನು ಮೊದಲು ವಿಚಾರಿಸಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಆದರೆ ಸತ್ಯವಿಶ್ವಾಸಿಗೆ ಎರಡು ನ್ಯಾಯಾಲಯಗಳಿವೆ. ನಾಳೆ ಅಲ್ಲಾಹನ ಮುಂದೆ ನಿಲ್ಲುವಾಗ, ನೀವು ನಿಜವಾಗಿ ಕೈಗೆ ಪಡೆದ ಅಸಲಿನ ಪ್ರಶ್ನೆ ಬರಬಹುದು. ಆದ್ದರಿಂದ ನಿಮ್ಮ ನೋಟ್‌ಬುಕ್ಕಿನ ಲೆಕ್ಕವನ್ನು ನೋಡಿ. 9,000 ಪಡೆದು ಈವರೆಗೆ 14,000 ಕಟ್ಟಿದ್ದರೆ ಅವನ ಅಸಲು ಅವನಿಗೆ ಸೇರಿಯಾಗಿದೆ. 4,000 ಮಾತ್ರ ಕಟ್ಟಿದ್ದರೆ ಉಳಿದ 5,000ದ ಬಗ್ಗೆ ನಿಮ್ಮ ಊರಿನ ವಿದ್ವಾಂಸರನ್ನು ಕೇಳಿ ತಿಳಿಯಿರಿ, ಮನಸ್ಸಾಕ್ಷಿ ನಿರಾಳವಾಗುವಂತೆ ತೀರಿಸಿ. ಕಾನೂನು ನಿಮ್ಮನ್ನು ಸುಲಿಗೆಯಿಂದ ಬಿಡಿಸಲು ಬಂದಿದೆ, ಅಮಾನತಿನಿಂದ ಬಿಡಿಸಲು ಅಲ್ಲ.

ಸಾಲ ಕೊಟ್ಟವರಿಗೂ ಜಮಾಅತಿಗೂ

ಈ ಪುಟವನ್ನು ಓದುವವರಲ್ಲಿ ಸಾಲ ಕೊಟ್ಟವರೂ ಇರಬಹುದು. ಮೀಟರ್ ಬಡ್ಡಿಯ ವ್ಯವಹಾರದಲ್ಲಿ ನಮ್ಮವರು ಯಾರೂ ಇಲ್ಲ ಎಂದು ಹೇಳಲು ನಮಗೆ ಬಾಯಿಲ್ಲ. ಮೊದಲ ಸಾಲಿನಲ್ಲಿ ನಮಾಝ್ ಮಾಡಿ, ಹೊರಗೆ ಬಂದು ಹಿಂದಿನ ಸಾಲಿನವನ ಮನೆಯ ಒಡವೆಯನ್ನು ಒತ್ತೆ ಹಿಡಿಯುವವರು ವಿದಾಯದ ಹಜ್ಜ್‌ನ ಪ್ರವಚನವನ್ನು ನೆನೆಯಲಿ. ಪ್ರವಾದಿವರ್ಯರು(ಸ) ಅಂದು ಬಡ್ಡಿಯನ್ನು ರದ್ದುಗೊಳಿಸಿದಾಗ ಮೊಟ್ಟಮೊದಲು ಬಿಡಿಸಿದ್ದು ತಮ್ಮ ಸ್ವಂತ ಚಿಕ್ಕಪ್ಪ ಅಬ್ಬಾಸ್‌(ರ)ರಿಗೆ ಬರಬೇಕಾಗಿದ್ದ ಬಡ್ಡಿಯನ್ನು.

ಸಹೋದರಿಯರೇ, ನಿಮ್ಮ ಗುಂಪಿನ ಒಬ್ಬಳು ಕಂತು ತಪ್ಪಿಸಿದಾಗ ಅವಳ ಬಾಗಿಲಲ್ಲಿ ಕೂಗಾಡಲು ನಿಮ್ಮನ್ನೇ ಕಳುಹಿಸುತ್ತಾರೆ. ಹೋಗಿ, ಆದರೆ ಕೂಗಾಡಲು ಅಲ್ಲ. ಅವಳ ಜೊತೆ ಕೂತು ಲೆಕ್ಕ ಬರೆಯಿರಿ, ಅವಳೊಡನೆ ಕಚೇರಿಗೆ ನಡೆಯಿರಿ.

ಜಮಾಅತಿನ ಹಿರಿಯರೇ, ಝಕಾತ್ ಪಡೆಯಲು ಅರ್ಹರಾದ ಎಂಟು ವಿಭಾಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಒಂದು ವಿಭಾಗ ಎಂದು ಸೂರಃ ಅತ್ತೌಬಃದ 60ನೇ ಸೂಕ್ತದಲ್ಲಿದೆ. ರಮಝಾನಿನಲ್ಲಿ ನೂರು ಇನ್ನೂರು ಹಂಚಿ ಮುಗಿಸುವ ಬದಲು, ವರ್ಷಕ್ಕೆ ನಾಲ್ಕು ಕುಟುಂಬಗಳನ್ನಾದರೂ ಬಡ್ಡಿಯ ಸಾಲದಿಂದ ಪೂರ್ತಿಯಾಗಿ ಬಿಡಿಸಲು ಯೋಚಿಸಿರಿ. ಮಸೀದಿಯ ಕಚೇರಿಯಲ್ಲಿ ವಾರಕ್ಕೊಂದು ಸಂಜೆ, ಓದಿದ ಇಬ್ಬರು ಯುವಕರು ಕೂತು ಸಾಲದ ಪತ್ರ ಓದಿ ಹೇಳಲಿ, ಪರವಾನಗಿ ಪರಿಶೀಲಿಸಲಿ, ಅರ್ಜಿ ಬರೆದುಕೊಡಲಿ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಲಿ. ಬಡ್ಡಿಯಿಲ್ಲದ ಒಂದು ಸಣ್ಣ ಕೈಸಾಲದ ನಿಧಿ ಇದ್ದರೆ, ಆಸ್ಪತ್ರೆಯ ರಾತ್ರಿಯಲ್ಲಿ ಯಾರೂ ಆ್ಯಪ್‌ನ ಬಾಗಿಲು ತಟ್ಟಬೇಕಾಗಿಲ್ಲ. ಅಬೂ ಕತಾದಃ(ರ)ರು ಮುಂದೆ ಬಂದದ್ದು ಒಬ್ಬರು ತೀರಿಕೊಂಡ ನಂತರ. ನಾವು ಬದುಕಿರುವಾಗಲೇ ಮುಂದೆ ಬರೋಣ.

ಕರುಣಾಮಯಿಯಾದ ಅಲ್ಲಾಹನು ಸಾಲದ ಹೊರೆಯಿಂದಲೂ ಮನುಷ್ಯರ ದಬ್ಬಾಳಿಕೆಯಿಂದಲೂ ನಮ್ಮನ್ನು ಕಾಪಾಡಲಿ. ಪಡೆದದ್ದನ್ನು ಪ್ರಾಮಾಣಿಕವಾಗಿ ತೀರಿಸುವ ಸಾಮರ್ಥ್ಯವನ್ನೂ, ಅನ್ಯಾಯದ ಮುಂದೆ ಸತ್ಯ ನುಡಿಯುವ ಧೈರ್ಯವನ್ನೂ, ಇಕ್ಕಟ್ಟಿನಲ್ಲಿರುವವನಿಗೆ ಕಾಲಾವಕಾಶ ಕೊಡುವ ಹೃದಯವನ್ನೂ ನಮಗೆಲ್ಲರಿಗೂ ಅನುಗ್ರಹಿಸಲಿ. ಹಲಾಲಾದ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.